ಖಂಬಾಟ್ಕಿ ಘಾಟದ ಫೋಟೋ
(ಧಾರವಾಡ ಹಳೇ ವಿದ್ಯಾರ್ಥಿಗಳು, ಪುಣೆ–ಮುಂಬೈ ವಾಟ್ಸಾಪ್ ಗ್ರೂಪ್)

ಗುರುರಾಜ, ಕೋಥ್ರೂಡ್: [ಫಾರ್ವರ್ಡ್ ಫೋಟೋ] "ಪುಣೆ–ಸಾತಾರಾ ಹೆದ್ದಾರಿಯ ಖಂಬಾಟ್ಕಿ ಘಾಟದ ಹತ್ರ ಕೈಗಾಡಿ ಎಳಕೊಂಡು ನಡಿಯೋ ವಿದೇಶಿ. ಕಿಲೋಮೀಟರ್ ಕಲ್ಲಿನ ಫೋಟೋ ತೆಗೀತಾನ, ರಾತ್ರಿ ಹೊಲದಾಗ ಟೆಂಟ್. ಗೂಢಚಾರ ಇರಬಹುದು. ಎಲ್ಲಾ ಗ್ರೂಪಿಗೂ ಕಳಿಸ್ರಿ."

ಶ್ರೀದೇವಿ, ಔಂಧ್: ಇದನ್ನ ಮೊದಲು ಗ್ರೂಪಿನಿಂದ ತೆಗೀರಿ. ದೇಶ ದಾಟಿ ನಡಿಯೋರು ವಾಹನ ಹತ್ತಿಲ್ಲ ಅನ್ನಾಕ ಪುರಾವೆ ಕೂಡಿಸತಾರ: ಜಿಪಿಎಸ್ ಜಾಡು, ಕಲ್ಲಿನ ಫೋಟೋ, ದಾರ್ಯಾಗ ಸಿಕ್ಕವರ ಸಹಿ. ಇನ್ನ ಕೈಗಾಡಿ? ಬ್ಯಾಸಗ್ಯಾಗ 6 ಲೀಟರ್ ನೀರಂದ್ರನ 6 ಕಿಲೋ. ಟೆಂಟು, ಸ್ಟೋವು ಸೇರಿಸಿ ತಿಂಗಳಗಟ್ಟಲೆ ಬೆನ್ನಮ್ಯಾಲ ಹೊತ್ತರ ಮೊಣಕಾಲು ಉಳಿಯಂಗಿಲ್ಲ.

ಗುರುರಾಜ: ಆ ರಸ್ತಾದಾಗ ಅಷ್ಟು ಲಾಡ್ಜ್ ಅದಾವಲ್ಲ, ಹೊಲದಾಗ ಯಾಕ ಮಲಗಬೇಕು?

ವಿನಾಯಕ, ಹಡಪ್ಸರ್: ಲಾಡ್ಜಿನವರ ತಗೊಳ್ಳಂಗಿಲ್ಲ. ವಿದೇಶಿ ಬಂದ್ರ 24 ತಾಸಿನೊಳಗ ಅವನ ವಿವರದ ಫಾರ್ಮ್ ತುಂಬಬೇಕು, ಫಾರ್ಮ್ ಸಿ ಅಂತ ರೂಢಿ ಹೆಸರು. ಅದಕ್ಕ ವಿದೇಶಿಯರ ನೋಂದಣಿ ಕಚೇರಿ (ಎಫ್‌ಆರ್‌ಆರ್‌ಒ) ಪೋರ್ಟಲಿನಾಗ ಲಾಡ್ಜಿನ ನೋಂದಣಿ ಮೊದಲ ಆಗಿರಬೇಕು. ಆಮ್ಯಾಲ ಪಾಸ್‌ಪೋರ್ಟ್, ವೀಸಾ ವಿವರ, ಫೋಟೋ, ಎಲ್ಲಿಂದ ಬಂದ, ಎಲ್ಲಿಗೆ ಹೊಂಟಾನ. ಹೆದ್ದಾರಿ ಬಾಜೂಕಿನ ಎಷ್ಟೋ ಸಣ್ಣ ಲಾಡ್ಜಿಗೆ ಲಾಗಿನ್ನ ಇರಂಗಿಲ್ಲ, "ರೂಮ್ ಖಾಲಿ ಇಲ್ಲ" ಅಂದು ಕಳಸತಾರ. ಮನ್ಯಾಗ ಇಟ್ಕೊಂಡವರಿಗೂ ಅದ ನಿಯಮ. ಕತ್ತಲಾದ್ರ ಅವಂಗ ಉಳಿಯೋದು ಪೆಟ್ರೋಲ್ ಪಂಪು, ಗುಡಿ, ಇಲ್ಲಾ ಹೊಲ. ನಾವ ಹೊಲಕ್ಕ ಅಟ್ಟಿ, ಹೊಲದಾಗ ಯಾಕ ಅದಾನ ಅಂತ ಕೇಳೋದು ಎಲ್ಲಿ ನ್ಯಾಯ?

ಪ್ರಶಾಂತ, ಠಾಣೆ: ಆದರೆ ಸಂಶಯಕ್ಕೆ ಆಧಾರವೇ ಇಲ್ಲ ಅನ್ನಬೇಡಿ. ಇಂಥ ನಡಿಗೆಯವರ ಬಳಿ ಇರಬಹುದಾದ ಸ್ಯಾಟಲೈಟ್ ಮೆಸೆಂಜರ್ (ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ) ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ, 1933ರ ವೈರ್‌ಲೆಸ್ ಕಾಯ್ದೆ. ಡಿಸೆಂಬರ್ 2024ರಲ್ಲಿ ಗೋವಾ ವಿಮಾನ ನಿಲ್ದಾಣದಲ್ಲೇ ಗಾರ್ಮಿನ್ ಇನ್‌ರೀಚ್ ಎಂಬ ಅಂಥ ಸಾಧನ ಇದ್ದ ಕೆನಡಾದ ಮಹಿಳೆಯನ್ನು ತಡೆದರು.

ಶ್ರೀದೇವಿ: ಖರೆ, ಅದು ಗಂಭೀರ ವಿಷಯ. ಆದ್ರ ಇನ್‌ರೀಚ್ ಇರಿಡಿಯಂ ಉಪಗ್ರಹಕ್ಕ ಸಂದೇಶ ಕಳಸತೈತಿ, ಅದಕ್ಕ ಲೈಸೆನ್ಸ್ ಪ್ರಶ್ನೆ. ಸಾದಾ ಜಿಪಿಎಸ್ ವಾಚು ಉಪಗ್ರಹದ ಸಿಗ್ನಲ್ ಬರೇ ಹಿಡೀತೈತಿ. ಈ ಫೋಟೋದಾಗ ಎರಡೂ ಕಾಣವಲ್ಲವು.

ವಿನಾಯಕ: ಮುರ್ಕಿ ಮರತ್ರೇನು? ಬೀದರ್ ಜಿಲ್ಲಾ, ಜುಲೈ 2018. ಹೈದರಾಬಾದಿನಿಂದ ಬಂದ ಕಾರಿನಾಗ ಕತಾರಿನಾಂವ ಒಬ್ಬ ಇದ್ದ. ಹುಡುಗರಿಗೆ ಚಾಕಲೇಟ್ ಕೊಟ್ರು ಅಂತ ಮಕ್ಕಳ ಕಳ್ಳರು ಮಾಡಿದ್ರು. ವಾಟ್ಸಾಪ್ ಸುದ್ದಿ ಕಾರಿಗಿಂತ ಮೊದಲ ಮುರ್ಕಿ ಮುಟ್ಟಿತು, ಅಲ್ಲಿ ರಸ್ತಾ ಅಡ್ಡಗಟ್ಟಿದ್ರು. ಒಬ್ಬ ಎಂಜಿನಿಯರ್ ಸತ್ತ. ಅವರ ಹತ್ರ ಕಾರರೆ ಇತ್ತು. ಇಂವ ತಾಸಿಗೆ 5 ಕಿಲೋಮೀಟರ್ ನಡಿಯಾಂವ. ಮುಂದಿನ ಪ್ರತಿ ಊರಾಗೂ ಈ ಫೋಟೋ ಅವನಿಗಿಂತ ಮೊದಲ ಇರತೈತಿ.

ಗುರುರಾಜ: ಹಂಗಾದ್ರ ಸಂಶಯ ಬಂದ್ರೂ ಸುಮ್ಮನಿರೋದೇನು? ಹೊರದೇಶದಾಗ ನಮ್ಮವರನ್ನೂ ಕೇಳತಾರಲ್ಲ.

ಪ್ರಶಾಂತ: ಕೇಳುತ್ತಾರೆ, ಕೇಳುವ ರೀತಿ ಬೇರೆ. ಸ್ಪೇನಿನಲ್ಲಿ ಸ್ಯಾಂಟಿಯಾಗೋಗೆ ಹೋಗುವ ಕಮಿನೋ ಎಂಬ ಕ್ರೈಸ್ತ ಯಾತ್ರೆಯ ಕಾಲುದಾರಿಯಲ್ಲಿ ಪ್ರತಿ ವಸತಿಯಲ್ಲೂ ಪಾಸ್‌ಪೋರ್ಟ್ ಬರೆದುಕೊಂಡು ಯಾತ್ರಿಕ ಪುಸ್ತಕಕ್ಕೆ ಮುದ್ರೆ ಒತ್ತಿ ಹಾಸಿಗೆ ಕೊಡುತ್ತಾರೆ.

ಶ್ರೀದೇವಿ: ನಮ್ಮ ಶಾಂತಿಯಾತ್ರಿಕರು ಸತೀಶ್ ಕುಮಾರ್, ಇ. ಪಿ. ಮೆನನ್ 1962ರಾಗ ಹತ್ರ ರೊಕ್ಕ ಇಟ್ಕೊಳ್ಳದೇ ದಿಲ್ಲಿಯಿಂದ ಮಾಸ್ಕೋದ ಕಡೆ ನಡದ್ರು. ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನಿನ ಮಂದಿ ಉಣ್ಣಾಕ ಹಾಕಿದ್ರು.

ವಿನಾಯಕ: ಗುರು, ಸಂಶಯ ಇದ್ರ 112ಕ್ಕ ಹಚ್ಚು. ಕಲ್ಲಿನ ನಂಬರು, ಯಾವ ದಿಕ್ಕಿಗೆ ಹೊಂಟಾನ, ಕಣ್ಣಾರೆ ಕಂಡದ್ದೇನು, ಅಷ್ಟ ಹೇಳು. ಗೂಢಚಾರ ಅನ್ನಬ್ಯಾಡ. ಕಾಗದಪತ್ರ ಪೊಲೀಸರು ನೋಡತಾರ.

ಗುರುರಾಜ: ಫೋಟೋ ನಾ ತೆಗದದ್ದಲ್ಲ, ಕಲ್ಲಿನ ನಂಬರು ನನಗೆಲ್ಲಿಂದ ಗೊತ್ತು?

ಶ್ರೀದೇವಿ: ಅಂದ್ರ ಎಂದಿನ ಫೋಟೋ ಅನ್ನೋದೂ ಗೊತ್ತಿಲ್ಲ. ಅಡ್ಮಿನ್, ತೆಗೀರಿ. ಘಾಟ ದಾಟಿ ಪುಣೆ ದಾರ್ಯಾಗಿನ ಶಿರ್ವಳದ ಕಡೆ ಫಾರ್ಮ್ ಸಿ ತುಂಬೋ ಹೋಟೆಲ್ ಯಾರಿಗರೆ ಗೊತ್ತಿದ್ರ ಹೆಸರು ಹಾಕ್ರಿ. ಫೋಟೋ ಈಗಿನದಿದ್ದು, ಅಂವ ಪುಣೆ ಕಡೆ ಹೊಂಟಿದ್ರ ಇನ್ನೂ ಎರಡು-ಮೂರು ರಾತ್ರಿ ಅದಾವ.