ಪಾರ್ಕ್ ಹಿಂದಿನ ಕೊರಕಲು: ದಯವಿಟ್ಟು ಕಟ್ಟಡದ ಕಸ ಸುರಿಯಬೇಡಿ

ಕೊನೇ ಕ್ರಾಸ್, ಮೂಲೆ ಮನೆ: ಎಲ್ಲರಿಗೂ ನಮಸ್ಕಾರ. ರಾತ್ರಿ ಮಳೆಗೆ ಪಾರ್ಕ್ ಹಿಂದಿನ ಕೊರಕಲು ಬೇಲಿವರೆಗೂ ಬಂದುಬಿಟ್ಟಿದೆ. ಒಂದು ಕಲ್ಲುಕಂಬ ಬರೀ ತಂತಿಯಲ್ಲಿ ನೇತಾಡ್ತಿದೆ, ಅಡಿಯಲ್ಲಿ ಮಣ್ಣೇ ಇಲ್ಲ. ಮಕ್ಕಳನ್ನ ಆ ಕಡೆ ಬಿಡಬೇಡಿ.

2ನೇ ಕ್ರಾಸ್: ನಮ್ಮ ಮನೆ ಒಡೆದ ಇಟ್ಟಿಗೆ, ಗಾರೆ ಎರಡು ಟ್ರ್ಯಾಕ್ಟರ್ ಇದೆ. ಅಲ್ಲೇ ಸುರಿಸಿಬಿಡ್ಲಾ?

ಮೇಷ್ಟ್ರು, 4ನೇ ಕ್ರಾಸ್: ಬೇಡಪ್ಪ. ಬೆಳಿಗ್ಗೆ ಹೋಗಿ ನೋಡಿ ಬಂದೆ. ಮೇಲುಮಣ್ಣು ಹುಲ್ಲಿನ ಬೇರು ಹಿಡಿದು ಸೂರಿನ ಹಾಗೆ ಚಾಚಿಕೊಂಡಿದೆ, ಅದರಡಿ ಗರಸು ಪೂರ್ತಿ ಪೊಳ್ಳು. ರಸ್ತೆ ನೀರು ಅಂಚಿಂದ ಧುಮುಕಿ ಬುಡದಲ್ಲಿ ಗುಂಡಿ ತೋಡುತ್ತೆ. ಬುಡ ಹೋದಮೇಲೆ ಮೇಲಿನದು ಕುಸಿಯುತ್ತೆ. ಹಾಗಾಗಿ ಕೊರಕಲು ಬೆಳೆಯೋದು ನೀರು ಬರೋ ದಿಕ್ಕಿಗೆ, ಅಂದ್ರೆ ನಮ್ಮ ರಸ್ತೆ ಕಡೆಗೇ. ಮಳೆ ನಿಂತಮೇಲೂ ಗೋಡೆ ಬುಡದಲ್ಲಿ ನೀರು ಒಸರ್ತಿತ್ತು. ಅದು ಒಳಗಿನ ನುಣುಪು ಮಣ್ಣನ್ನ ಎಳ್ಕೊಂಡು ಬರುತ್ತೆ, ನನಗೆ ಹೆಚ್ಚು ಭಯ ಅದರದ್ದೇ.

ನ್ಯೂಜಿಲೆಂಡಿನ ಕ್ಯಾಂಟರ್ಬರಿ ಕಡಲಂಚಿನ ಕಡಿದಾದ ಜಲ್ಲಿ ದಂಡೆಗಳಲ್ಲೂ ಇಂಥ ಕೊರಕಲುಗಳಿವೆ. ಅಲ್ಲಿ ಕುಸಿದು ಬಿದ್ದದ್ದನ್ನ ಅಲೆ ಹೊತ್ಕೊಂಡು ಹೋಗುತ್ತೆ, ಬುಡಕ್ಕೆ ಆಸರೆ ನಿಲ್ಲೋದೇ ಇಲ್ಲ. ಇಲ್ಲಿ ಅಲೆಯ ಕೆಲಸ ಕೆಳಗಿನ ರಾಜಕಾಲುವೆ ಮಾಡ್ತಿದೆ. ನಿಮ್ಮ ಇಟ್ಟಿಗೆ ಚೂರು ಒಂದು ಜೋರು ಮಳೆಗೆ ಹೋಗಿ ಮೋರಿ ಕಟ್ಟಿಕೊಳ್ಳುತ್ತೆ. ಉಳಿದದ್ದು ನೀರನ್ನ ಪಕ್ಕಕ್ಕೆ ತಳ್ಳಿ ಇನ್ನೊಂದು ಕೊರಕಲು ತೆಗೆಯುತ್ತೆ.

2ನೇ ಕ್ರಾಸ್: ಸರಿ ಮೇಷ್ಟ್ರೇ, ಸುರಿಸಲ್ಲ. ಮತ್ತೇನು ಮಾಡೋಣ?

5ನೇ ಕ್ರಾಸ್, ಸಿವಿಲ್ ಇಂಜಿನಿಯರ್: ಮೊದಲು ಮೇಲಿಂದ ಬರೋ ನೀರು ತಿರುಗಿಸಬೇಕು, ಉಳಿದದ್ದೆಲ್ಲ ಆಮೇಲೆ. 2021ರ ಅಕ್ಟೋಬರ್ ಮಳೆಗೆ ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ನಂದಿ ವಿಗ್ರಹದ ಹತ್ತಿರದ ರಸ್ತೆ ಕುಸಿದದ್ದು ಎಲ್ಲರೂ ನೋಡಿದ್ದೀವಲ್ಲ. ಅಂಚಿಗಿಂತ ಸಾಕಷ್ಟು ಹಿಂದೆ ಮರಳು ಚೀಲದ ಬದು ಹಾಕಿ ನೀರನ್ನ ಚರಂಡಿಗೆ ಬಿಡೋಣ. ಇದು ತಾತ್ಕಾಲಿಕ ಅಷ್ಟೇ. ಶಾಶ್ವತಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಕಲ್ಲಿನ ಕಾಲುವೆ, ಕೊರಕಲೊಳಗೆ ತಂತಿ ಬಲೆಗೆ ಕಲ್ಲು ತುಂಬಿದ ತಡೆಗಳು ಬೇಕು. ಅವುಗಳಲ್ಲಿ ನೀರು ಸೋರಿ ಹೋಗುತ್ತೆ, ಮಣ್ಣು ನಿಲ್ಲುತ್ತೆ. ಒಸರು ನೀರಿಗೆ ದಾರಿ ಬಿಡದೆ ಬರೀ ಕಾಂಕ್ರೀಟ್ ಗೋಡೆ ಎಬ್ಬಿಸಿದ್ರೆ ಹಿಂದೆ ನೀರು ತುಂಬಿ ಅದನ್ನೇ ದೂಡುತ್ತೆ. ಅರ್ಜಿಯಲ್ಲಿ ಇದನ್ನ ಸ್ಪಷ್ಟವಾಗಿ ಬರೀರಿ. ಇಳಿಜಾರಿಗೆ ಲಾವಂಚ ನೆಡಬಹುದು, ಬೇರು ಆಳಕ್ಕಿಳಿಯುತ್ತೆ.

ಸಂಘದ ಕಾರ್ಯದರ್ಶಿ: ಭಾನುವಾರ ಬೆಳಿಗ್ಗೆ 7ಕ್ಕೆ ಪಾರ್ಕ್ ಗೇಟ್ ಹತ್ತಿರ ಸೇರೋಣ. ಅರ್ಜಿ ತರ್ತೀನಿ, ಮನೆಗೊಂದು ಸಹಿ ಬೇಕು. ಅಲ್ಲೀತನಕ ಬೇಲಿ ಪಕ್ಕ ಕಾರು, ಆಟೋ ನಿಲ್ಲಿಸಬೇಡಿ. ಯಾರಾದ್ರೂ ಇವತ್ತೇ ಫೋಟೋ ತೆಗೆದು ಹಾಕಿ, ಕಂಬ ಕಾಣೋ ಹಾಗೆ.

ಕೊನೇ ಕ್ರಾಸ್, ಮೂಲೆ ಮನೆ: ಫೋಟೋ ನಾನು ಹಾಕ್ತೀನಿ. ಖಾಲಿ ಅಕ್ಕಿ ಚೀಲ ಇದ್ದೋರು ನಮ್ಮ ಜಗಲಿ ಮೇಲೆ ಇಟ್ಟು ಹೋಗಿ.