ಊರಿನ ವಾಟ್ಸಾಪ್ ಗುಂಪು: ಉಳಿಯಲೇ, ಬಿಡಲೇ?

ಶಿರಸಿಯ ತೋಟಿಗ:
ಬೆಳಿಗ್ಗೆ ರಾಶಿ ಅಡಿಕೆಯ ದರ ಬರುತ್ತದೆ, ಮಧ್ಯಾಹ್ನ ಜಗಳ. ಕೊಳೆರೋಗಕ್ಕೆ ಯಾರೋ ಹಾಕಿದ ಅಳತೆ ನಂಬಿ ಮೈಲುತುತ್ತ (ತಾಮ್ರದ ಸಲ್ಫೇಟ್) ದುಪ್ಪಟ್ಟು ಬೆರೆಸಿದೆ, ಸುಣ್ಣ ಮಾತ್ರ ಮೊದಲಿನಷ್ಟೇ. ಎಳೆಗಾಯಿ ಸುಟ್ಟವು. ಸಾಕಾಗಿದೆ.

ಅಂಕೋಲೆಯವಳು:
ಬಿಡಬೇಡಿ ಅಣ್ಣ. 2024ರ ಜುಲೈ 16ರಂದು ಕುಮಟಾ ದಾರಿಯ ಶಿರೂರಿನಲ್ಲಿ ಗುಡ್ಡ ಕುಸಿದ ಸುದ್ದಿ ನನಗೆ ಬಂದದ್ದು ನಮ್ಮೂರ ಗುಂಪಿನಲ್ಲೇ. ಕುಮಟಾಕ್ಕೆ ಹೊರಟಿದ್ದ ತಮ್ಮನನ್ನು ಬಾಗಿಲಲ್ಲೇ ತಡೆದೆ. ಆದರೆ ಅದೇ ಸಂಜೆ ಬೇರೆಲ್ಲಿಯದೋ ಹಳೆಯ ವಿಡಿಯೊ ನೋಡಿ ಅಮ್ಮ ರಾತ್ರಿಯಿಡೀ ಅತ್ತರು. ಹರಡಿದವರ ಮೇಲೆ ಇಂದಿಗೂ ಸಿಟ್ಟಿದೆ.

ಸಿದ್ದಾಪುರದ ಹಿರಿಯ:
ತಮ್ಮಾ, ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡು. ಅಲಗು ಕೆಂಪಾದರೆ ಸುಣ್ಣ ಸಾಲದು.

ಶಿರಸಿಯ ತೋಟಿಗ:
ಉಪಕಾರವಾಯಿತು. ಇದನ್ನೇ ಗುಂಪಿಗೆ ಹಾಕುತ್ತೇನೆ.