ಮಸೆದ ಚೈನ್ ಬಲಕ್ಕೇ ಎಳೆಯುತ್ತಿದೆ, ಬಾರ್ ಹೋಯ್ತಾ?

ವಾರೆಕೊಯ್ತ:

ಎಲ್ಲರಿಗೂ ನಮಸ್ಕಾರ. ಸೌದೆ ಕೊಯ್ಯುವವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ.

ನನ್ನದು 16 ಇಂಚಿನ ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ) ಇರುವ ಪೆಟ್ರೋಲ್ ಚೈನ್‌ಸಾ. ಚೈನ್ .325 ಪಿಚ್ (ಕೊಂಡಿಗಳ ಅಂತರ, ಇಂಚಿನಲ್ಲಿ). ಸಣ್ಣ ಕೊಂಬೆ ಕೊಯ್ದರೆ ಏನೂ ಗೊತ್ತಾಗುವುದಿಲ್ಲ. ತೊಡೆಗಿಂತ ದಪ್ಪ ದಿಮ್ಮಿಗೆ ಹಾಕಿದರೆ ಸಾಕು, ಅರ್ಧ ಇಳಿಯುವ ಹೊತ್ತಿಗೆ ಬಾರ್ ತಾನಾಗಿಯೇ ಬಲಕ್ಕೆ ತಿರುಗಲು ಶುರು. ಆಮೇಲೆ ಸಿಕ್ಕಿಕೊಂಡು ನಿಲ್ಲುತ್ತದೆ. ನೇರ ಮಾಡೋಣ ಅಂತ ತಿರುಚಿ ಒತ್ತಿದರೆ ಬಾರ್‌ನಿಂದ ಹೊಗೆ ಬರುತ್ತದೆ.

ಚೈನ್ ಮೊಂಡಾಗಿಲ್ಲ, ನಾನೇ ಮಸೆದಿದ್ದೇನೆ. ಪ್ರತಿ ಹಲ್ಲಿಗೂ ಎಣಿಸಿ ನಾಲ್ಕೇ ನಾಲ್ಕು ಸಲ ಅರ ಹಾಕಿದ್ದೇನೆ. ಎಡಕ್ಕೂ ಅಷ್ಟೇ, ಬಲಕ್ಕೂ ಅಷ್ಟೇ. ಹಾಗಾಗಿ ಬಾರ್ ಹೋಗಿದೆ ಅಂತ ನನ್ನ ಅನುಮಾನ. ಗೆಳೆಯನೊಬ್ಬ ಕಾರ್ಬುರೇಟರ್ ತಿರುಗಿಸು ಅನ್ನುತ್ತಾನೆ. ಯಾವುದು ಸರಿ?

ನಾನು ಕೊಯ್ದದ್ದನ್ನು ಸೀಳುವ ಕೆಲಸ ನಮ್ಮ ಭಾವನದು. ತುಂಡು ನಿಲ್ಲಿಸಿದರೆ ಕುಡಿದವನ ಹಾಗೆ ವಾಲುತ್ತದೆ ಅಂತ ದಿನಾ ಬೈಸಿಕೊಳ್ಳುತ್ತಿದ್ದೇನೆ. ಬೇಗ ಹೇಳಿ.

ಕೊಡಲಿಪ್ರೇಮಿ:

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಬಾರ್ ಪಾಪ ಏನು ಮಾಡಿತು?

ನನ್ನ ಕೊಡಲಿಗೆ ಕಾರ್ಬುರೇಟರೂ ಇಲ್ಲ, ಪಿಚ್ಚೂ ಇಲ್ಲ. ಎಲ್ಲಿಗೆ ಬೀಸಿದೆನೋ ಅಲ್ಲಿಗೇ ಬೀಳುತ್ತದೆ. ಸರಿ ಸರಿ, ಬಹಳಷ್ಟು ಸಲ ಬೀಳುತ್ತದೆ. ಗುಂಡುಅರ ಅವರು ಬರುವವರೆಗೆ ಸುಮ್ನೆ ಕೂತಿರಿ, ಅವರಿಗೆ ಇದು ಹಬ್ಬದ ವಿಷಯ.

ಗುಂಡುಅರ:

ಬಂದೆ. ಕೊಡಲಿಯವರೇ, ನೀವು ಒಂದು ದಿಮ್ಮಿ ಕಡಿಯುವಷ್ಟರಲ್ಲಿ ನಾವು ಚೈನ್ ಮಸೆದು, ಕೊಯ್ದು, ಪೇರಿಸಿ ಮನೆ ಸೇರಿರುತ್ತೇವೆ.

ವಾರೆಕೊಯ್ತ ಅವರೇ, ಮೊದಲು ಕಾರ್ಬುರೇಟರ್‌ನಿಂದ ಕೈ ತೆಗೆಯಿರಿ. ಅದು ಎಂಜಿನ್ ಹೇಗೆ ಓಡಬೇಕು ಅಂತ ಹೇಳುತ್ತದೆ, ಕೊಯ್ತ ಯಾವ ಕಡೆ ಹೋಗಬೇಕು ಅಂತ ಅಲ್ಲ. ಸುಮ್ನೆ ಆ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಡಿಮೆ ಆದರೆ, ಅದರ ಜೊತೆ ಬರುವ ಆಯಿಲ್ ಕೂಡ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಗ ಬಲಕ್ಕೂ ಹೋಗಲ್ಲ, ಎಡಕ್ಕೂ ಹೋಗಲ್ಲ.

ಈಗ ಹಲ್ಲಿನ ವಿಷಯ. ನೀವು ಎಣಿಸಿ ಮಸೆದಿರಿ ಅಂದಿರಲ್ಲ, ತೊಂದರೆ ಅಲ್ಲೇ ಇರಬೇಕು. ನಾಲ್ಕು ಸಲ ಅಂದರೆ ಎಷ್ಟು ಒತ್ತಿ ನಾಲ್ಕು ಸಲ? ಒಂದು ಕಡೆಯ ಹಲ್ಲು ಮಸೆಯುವಾಗ ತೋಳು ಸರಾಗವಾಗಿ ಓಡುತ್ತದೆ. ಇನ್ನೊಂದು ಕಡೆಗೆ ಮೈ ತಿರುಚಿ ತಳ್ಳಬೇಕು, ಅಲ್ಲಿ ಒತ್ತಡವೂ ಬೇರೆ, ಕೋನವೂ ಜಾರುತ್ತದೆ. ಸಲ ಸಮ ಆದರೂ ಹಲ್ಲು ಸಮ ಆಗುವುದಿಲ್ಲ. ಪ್ರತಿ ಸಾರಿ ಕೂದಲೆಳೆಯಷ್ಟು ವ್ಯತ್ಯಾಸ, ಹತ್ತಾರು ಸಾರಿ ಮಸೆದ ಮೇಲೆ ಕಣ್ಣಿಗೇ ಕಾಣುವಷ್ಟು.

ಉದ್ದ ಕಮ್ಮಿಯಾದರೆ ಏನಾಯ್ತು ಅಂತೀರಾ? ಹಲ್ಲಿನ ನೆತ್ತಿ ಹಿಂದಕ್ಕೆ ಹೋದಂತೆ ಇಳಿಜಾರಾಗಿರುತ್ತದೆ. ಮಸೆದಷ್ಟೂ ಹಲ್ಲು ಗಿಡ್ಡವಾಗುವುದು ಮಾತ್ರ ಅಲ್ಲ, ಎತ್ತರವೂ ಇಳಿಯುತ್ತದೆ. ಮುಂದೆ ಇರುವ ರೇಕರ್ (ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತಡೆಯುವ ಗುಬುಟು) ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಗಿಡ್ಡ ಹಲ್ಲಿಗೆ ಮರ ಕಮ್ಮಿ ಸಿಗುತ್ತದೆ, ಉದ್ದ ಹಲ್ಲಿಗೆ ಜಾಸ್ತಿ ಸಿಗುತ್ತದೆ. ಜಾಸ್ತಿ ಕಚ್ಚುವ ಕಡೆಗೆ ಬಾರ್ ವಾಲುತ್ತದೆ. ನಿಮ್ಮದು ಬಲಕ್ಕೆ ಹೋಗುತ್ತಿದೆ ಅಂದರೆ ಎಡಗಡೆ ಹಲ್ಲು ಗಿಡ್ಡ ಇರಬೇಕು, ಇಲ್ಲಾ ಮೊಂಡು ಇರಬೇಕು.

ಒಂದು ಕ್ಯಾಲಿಪರ್ ತಗೊಂಡು ಎಲ್ಲಾ ಹಲ್ಲಿನ ನೆತ್ತಿಯ ಉದ್ದ ಅಳೆಯಿರಿ. ಆಮೇಲೆ ಬೆಳಕಿಗೆ ಹಿಡಿದು ಅಂಚು ನೋಡಿ. ಚೂಪಾದ ಅಂಚಿನಲ್ಲಿ ಬೆಳಕು ನಿಲ್ಲುವುದಿಲ್ಲ. ಅಂಚಿನ ಉದ್ದಕ್ಕೂ ಬಿಳಿ ಗೆರೆ ಹೊಳೆದರೆ ಅದು ಮೊಂಡು, ನೀವು ಎಷ್ಟೇ ಮಸೆದಿದ್ದೇನೆ ಅಂದರೂ. ಕೊಯ್ಯುವಾಗ ಚಕ್ಕೆ ಬೀಳುತ್ತದೋ ಪುಡಿ ಬೀಳುತ್ತದೋ ಅದನ್ನೂ ಹೇಳಿ. ಮತ್ತೆ ನಿಮ್ಮ ಅರ ಎಷ್ಟು ಮಿ.ಮೀ.?

ವಾರೆಕೊಯ್ತ:

ಅಳೆದು ಬಂದೆ. ಎಡಗಡೆಯವು ಬಲಗಡೆಗಿಂತ ಒಂದು ಮಿ.ಮೀ.ಗೂ ಜಾಸ್ತಿ ಗಿಡ್ಡ. ಎಲ್ಲವೂ! ಎರಡು ಹಲ್ಲಿನಲ್ಲಿ ಬಿಳಿ ಗೆರೆಯೂ ಕಾಣುತ್ತಿದೆ. ಚಕ್ಕೆ, ಪುಡಿ ಎರಡೂ ಬೀಳುತ್ತಿದೆ. ಅರ 4.8.

ಭಾವ ಪಕ್ಕದಲ್ಲೇ ಕೂತು ಇದನ್ನೆಲ್ಲ ಓದುತ್ತಿದ್ದಾರೆ. ಮುಖದಲ್ಲಿ ನಗು.

ಗುಂಡುಅರ:

.325 ಪಿಚ್‌ಗೆ 4.8 ಸರಿಯಾಗಿದೆ. ಓದುವ ಉಳಿದವರಿಗೆ: ದೊಡ್ಡ 3/8 ಚೈನ್‌ಗೆ 5.5, ಸಣ್ಣ ಯಂತ್ರಗಳಲ್ಲಿ ಬರುವ ಲೋ ಪ್ರೊಫೈಲ್ 3/8ಕ್ಕೆ ಹೆಚ್ಚಾಗಿ 4. ಪಿಚ್ ಗೊತ್ತಿಲ್ಲದಿದ್ದರೆ ಬಾರ್‌ನ ಬುಡದಲ್ಲಿ ಒತ್ತಿರುತ್ತಾರೆ, ಒರೆಸಿ ನೋಡಿ. ಅದೂ ಅಳಿಸಿದ್ದರೆ ಸಾಲಾಗಿ ಮೂರು ರಿವೆಟ್ ಹಿಡಿದು ಮೊದಲನೆಯದರ ನಡುವಿಂದ ಮೂರನೆಯದರ ನಡುವಿಗೆ ಅಳೆದು ಅರ್ಧ ಮಾಡಿ. ಮೂರು ರಿವೆಟ್‌ಗೆ 19 ಮಿ.ಮೀ. ಬಂದರೆ 3/8, ಹದಿನಾರೂವರೆ ಬಂದರೆ .325.

ಈಗ ಮಾಡಬೇಕಾದ್ದು ಇಷ್ಟು. ಇಡೀ ಚೈನ್‌ನಲ್ಲಿ ಅತಿ ಗಿಡ್ಡ ಹಲ್ಲು ಹುಡುಕಿ, ಅದಕ್ಕೊಂದು ಗುರುತು ಹಾಕಿ. ಮೊದಲು ಅದನ್ನು ಚೂಪು ಮಾಡಿ. ಆಮೇಲೆ ಎಲ್ಲವನ್ನೂ ಅದರ ಉದ್ದಕ್ಕೆ ತನ್ನಿ. ಎಣಿಸಬೇಡಿ, ಅಳೆಯಿರಿ. ಹೊಟ್ಟೆ ಉರಿಯುತ್ತದೆ ಗೊತ್ತು, ಒಳ್ಳೆ ಲೋಹ ಪುಡಿಯಾಗಿ ಉದುರುವುದನ್ನು ನೋಡಿದರೆ. ಬೇರೆ ದಾರಿ ಇಲ್ಲ.

ಮಸೆಯುವಾಗ ಬಾರ್ ಅನ್ನು ವೈಸ್‌ಗೆ ಹಾಕಿ, ಚೈನ್ ಒಂಚೂರು ಬಿಗಿ ಮಾಡಿ. ಸಡಿಲ ಇದ್ದರೆ ಹಲ್ಲು ಅರದ ಕೆಳಗೆ ಅಲ್ಲಾಡುತ್ತದೆ, ಅಂಚು ದುಂಡಗಾಗುತ್ತದೆ. ಅರ ಹಲ್ಲಿನ ಒಳಗಿನಿಂದ ಹೊರಗೆ ಮಾತ್ರ ಹೋಗಬೇಕು. ವಾಪಸ್ ಬರುವಾಗ ಎತ್ತಿ ತನ್ನಿ, ಹಿಂದಕ್ಕೆ ಉಜ್ಜಿದರೆ ಅರದ ಹಲ್ಲೇ ಸಾಯುತ್ತದೆ. ಕೋನ 30 ಡಿಗ್ರಿ. ಅನೇಕ ಚೈನ್‌ಗಳಲ್ಲಿ ನೆತ್ತಿಯ ಮೇಲೆ ಓರೆ ಗೀಟು ಇರುತ್ತದೆ, ಅರವನ್ನು ಅದಕ್ಕೆ ಸಮಾನಾಂತರ ಹಿಡಿದರೆ ಸಾಕು. ಅರದ ಐದನೇ ಒಂದು ಭಾಗ ನೆತ್ತಿಗಿಂತ ಮೇಲೆ ಕಾಣುತ್ತಿರಬೇಕು. ಕೈಗವಸು ಹಾಕಿ. ಎಂಜಿನ್ ಆಫ್ ಇದ್ದರೂ ಹಲ್ಲಿಗೆ ಅದು ಗೊತ್ತಿಲ್ಲ.

ಇಷ್ಟು ಲೋಹ ಹೋದ ಮೇಲೆ ರೇಕರ್ ಅಳೆಯಲೇಬೇಕು. ಹಲ್ಲಿನ ನೆತ್ತಿಗಿಂತ 0.65 ಮಿ.ಮೀ. ಕೆಳಗೆ ಇರಬೇಕು, ಗೇಜ್ ಇಟ್ಟು ಮೇಲೆ ಬಂದಷ್ಟನ್ನು ಚಪ್ಪಟೆ ಅರದಿಂದ ತೆಗೆಯಿರಿ. ಕಣ್ಣಳತೆಯಲ್ಲಿ ತೆಗೆಯಬೇಡಿ. ಜಾಸ್ತಿ ಇಳಿಸಿದರೆ ಚೈನ್ ದೊಡ್ಡ ತುತ್ತು ಕಚ್ಚಿ ಯಂತ್ರ ಜಗ್ಗುತ್ತದೆ, ತುದಿ ತಾಗಿದರೆ ಮುಖದ ಕಡೆಗೆ ಒದೆಯುವ ಅಪಾಯವೂ ಜಾಸ್ತಿ.

ಮರಹುಳ:

ಗುಂಡುಅರ ಅವರು ಎಡ ಬಲ ಅಂದಾಗ ನೆನಪಾಯಿತು. ಚೈನ್‌ಗೆ ಎಡ, ಬಲ ಹಲ್ಲು ಬಂದದ್ದು ನಮ್ಮ ಕುಲದವರಿಂದ! 1946ರಲ್ಲಿ ಅಮೆರಿಕದ ಮರಕಡಿಯುವ ಜೋ ಕಾಕ್ಸ್ ಒಂದು ಮರದ ಬುಡದಲ್ಲಿ ದುಂಬಿಯ ಮರಿಹುಳು ನೋಡಿದ. ಅದು ಬಾಗಿದ ದವಡೆಗಳಿಂದ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಕೊರೆಯುತ್ತಾ, ನಾರಿನ ಉದ್ದಕ್ಕೂ ಅಡ್ಡಕ್ಕೂ ಆರಾಮಾಗಿ ಹೋಗುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಕಂಪನಿ ಶುರು ಮಾಡಿದ. ಒರೆಗಾನ್ ಚೈನ್ ಅಂತ ಈಗ ಕೇಳುವುದು ಅದೇ. ನಿಮ್ಮ ಚೈನ್‌ಸಾದ ಹಲ್ಲೂ ಅದೇ ವಂಶ.

ಆ ಹುಳ ಬಲಕ್ಕೆ ಮಾತ್ರ ಕೊರೆಯುತ್ತಿರಲಿಲ್ಲ ಅಂತ ಕಾಣುತ್ತದೆ.

ಕೊಡಲಿಪ್ರೇಮಿ:

ಹುಳಕ್ಕೆ ಇರುವ ಬುದ್ಧಿ! ಭಾವನಿಗೆ ಈ ಸಾಲು ಓದಿ ಹೇಳಿ.

ವಾರೆಕೊಯ್ತ:

ಓದಿ ಹೇಳುವುದೇನು ಬಂತು, ಅವರೇ ಫೋನ್ ಕಿತ್ತುಕೊಂಡು ಓದಿದರು.

ಎಲ್ಲಾ ಹಲ್ಲು ಒಂದೇ ಉದ್ದಕ್ಕೆ ತಂದೆ, ರೇಕರ್ ಕೂಡ ಇಳಿಸಿದೆ. ಇವತ್ತು ಕೊಯ್ದರೆ ಚಕ್ಕೆ ದಪ್ಪಗೆ ಬೀಳುತ್ತಿದೆ, ಯಂತ್ರ ತನ್ನ ಭಾರಕ್ಕೇ ಇಳಿಯುತ್ತಿದೆ. ಬಲಕ್ಕೆ ಎಳೆಯುವುದು ಬಹುತೇಕ ನಿಂತಿದೆ. ಆದರೆ ತೀರಾ ದಪ್ಪ ದಿಮ್ಮಿಯಲ್ಲಿ ಕೊನೆಗೆ ಒಂಚೂರು ವಾಲುತ್ತದೆ. ಇದು ಬಾರ್ ಇರಬಹುದಾ? ನನ್ನ ಮಾನ ಉಳಿಸಲು ಹೌದು ಅನ್ನಿ.

ಗುಂಡುಅರ:

ನಿಮ್ಮ ಮಾನಕ್ಕೋಸ್ಕರ ಅಲ್ಲ, ನಿಜಕ್ಕೂ ಹೌದು ಇರಬಹುದು. ಅಷ್ಟು ಕಾಲ ಒಂದೇ ಕಡೆ ವಾಲಿಸಿ ಕೊಯ್ದರೆ ಬಾರ್‌ನ ಒಂದು ಅಂಚು ಜಾಸ್ತಿ ಸವೆಯುತ್ತದೆ. ಚೈನ್ ತೆಗೆದು, ಬಾರ್ ಅನ್ನು ಗಾಜಿನ ಮೇಲೆ ಅಂಚಿನ ಮೇಲೆ ನಿಲ್ಲಿಸಿ ನೋಡಿ. ನೇರ ನಿಲ್ಲದೆ ಒಂದು ಕಡೆಗೆ ವಾಲಿದರೆ ಎತ್ತರದ ಅಂಚನ್ನು ಚಪ್ಪಟೆ ಅರದಿಂದ ಇಳಿಸಿ ಸಮ ಮಾಡಿ. ಪಕ್ಕಕ್ಕೆ ಮೊಳೆತ ಚೂಪು ಏಣನ್ನೂ ಹಾಗೇ ತೆಗೆಯಿರಿ, ಬೆರಳಿಂದ ಸವರಿ ನೋಡಲು ಹೋಗಬೇಡಿ, ಕೊಯ್ಯುತ್ತದೆ. ಬಾರ್‌ನಲ್ಲಿ ಚೈನ್ ಓಡುವ ತೋಡೇ ಅಗಲ ಆಗಿ ಚೈನ್ ಒಳಗೆ ಆಡುತ್ತಿದ್ದರೆ ಮಾತ್ರ ಹೊಸ ಬಾರ್.

ಹೊಗೆ ಬಂದಿತ್ತು ಅಂದಿರಲ್ಲ. ಆ ತೋಡಿನೊಳಗೆ ಹೊಟ್ಟು ಆಯಿಲ್ ಜೊತೆ ಸೇರಿ ಗಟ್ಟಿಯಾಗಿರುತ್ತದೆ. ತೆಳುವಾದ ತಗಡಿನಿಂದ ಕೆರೆದು ತೆಗೆಯಿರಿ, ಬಾರ್‌ನ ಆಯಿಲ್ ತೂತಿಗೂ ತಂತಿ ಹಾಕಿ. ಮತ್ತೆ ಜೋಡಿಸುವಾಗ ಬಾರ್ ಅನ್ನು ತಿರುವಿ ಹಾಕಿ, ಆಗ ಎರಡೂ ಅಂಚು ಸಮ ಸವೆಯುತ್ತದೆ. ಆಮೇಲೆ ತುದಿಯನ್ನು ತಿಳಿ ಬಣ್ಣದ ಮರದ ಹತ್ತಿರ ಹಿಡಿದು ಎಂಜಿನ್ ಜೋರು ಮಾಡಿ. ತಾಗಿಸಬೇಡಿ. ಮರದ ಮೇಲೆ ಆಯಿಲ್ ಗೆರೆ ಮೂಡಬೇಕು. ಹಳೆ ಎಂಜಿನ್ ಆಯಿಲ್ ಹಾಕಿ ಉಳಿತಾಯ ಮಾಡುವವರು ಇದ್ದಾರೆ, ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪು ಬಾರ್ ಎರಡನ್ನೂ ತಿನ್ನುತ್ತದೆ.

ಕೆಲಸ ಮುಗಿದ ಮೇಲೆ ಚೈನ್ ಸಡಿಲ ಮಾಡಿಡಿ. ಬಿಸಿಯಲ್ಲಿ ಬಿಗಿ ಮಾಡಿದ ಚೈನ್ ತಣ್ಣಗಾದಾಗ ಕುಗ್ಗಿ ಬೇರಿಂಗ್ ಎಳೆಯುತ್ತದೆ.

ವಾರೆಕೊಯ್ತ:

ಗಾಜಿನ ಮೇಲೆ ನಿಲ್ಲಿಸಿದೆ, ವಾಲಿತು! ಬಾರ್ ಸಮ ಮಾಡಿ, ತಿರುವಿ ಹಾಕಿ ಕೊಯ್ದೆ. ಈಗ ನೇರ. ತುಂಡು ನಿಲ್ಲಿಸಿದರೆ ನಿಂತಲ್ಲೇ ನಿಲ್ಲುತ್ತದೆ. ಭಾವ ಎರಡು ಸಲ ತಟ್ಟಿ ನೋಡಿದರು.

ಈಗ ಅವರಿಗೆ ಬೈಯಲು ಏನೂ ಸಿಗುತ್ತಿಲ್ಲ. ತುಂಡು ಉದ್ದ ಜಾಸ್ತಿ ಅನ್ನುತ್ತಿದ್ದಾರೆ.

ಕೊಡಲಿಪ್ರೇಮಿ:

ಗುಂಡುಅರ ಅವರೇ, ಗುಟ್ಟಾಗಿ ಒಂದು ಮಾತು. ನನ್ನ ಹತ್ತಿರವೂ ಒಂದು ಚೈನ್‌ಸಾ ಇದೆ, ಮೂಲೆಯಲ್ಲಿ. ಎಡಕ್ಕೆ ಎಳೆಯುತ್ತದೆ. ಚೈನ್ ಕಳಿಸಿದರೆ ಮಸೆದು ಕೊಡ್ತೀರಾ?

ಗುಂಡುಅರ:

ಇಷ್ಟೆಲ್ಲ ಬರೆದದ್ದು ಯಾರಿಗೆ? ಅರ ತಗೊಳ್ಳಿ, ಕ್ಯಾಲಿಪರ್ ತಗೊಳ್ಳಿ, ನಿಮ್ಮದು ಬಲಗಡೆಯಿಂದ ಶುರು ಮಾಡಿ.